ತಾಮ್ರ ಎಷ್ಟು ಬೇಕು, ಎಷ್ಟು ಸಾಕು? ಮೈ ಲೆಕ್ಕ ಇಡುವುದು ಹೀಗೆ

ಕೆಲವು ವರ್ಷಗಳ ಹಿಂದಿನ ಮಾತು. ರಾಮನವಮಿಗೆ ನಮ್ಮ ಬೀದಿಯಲ್ಲಿ ಪಾನಕ ಹಂಚುವ ತಯಾರಿ ನಡೆದಿತ್ತು. ಬೆಳಿಗ್ಗೆ ಗಡಿಬಿಡಿ ಬೇಡ ಎಂದು ರಾತ್ರಿಯೇ ಬೆಲ್ಲ ಕರಗಿಸಿ, ನಿಂಬೆಹಣ್ಣು ಹಿಂಡಿ, ದೊಡ್ಡ ತಾಮ್ರದ ಕೊಳಗದಲ್ಲಿ ಮುಚ್ಚಿಟ್ಟೆವು. ಕೊಳಗದ ಒಳಗಿನ ಕಲಾಯಿ ಯಾವತ್ತೋ ಸವೆದುಹೋಗಿತ್ತು. ಯಾರೂ ಗಮನಿಸಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದಾಗ ಪಾನಕ ನಿಂತಿದ್ದ ಮಟ್ಟದಲ್ಲಿ ಸುತ್ತಲೂ ತೆಳ್ಳಗೆ ಒಂದು ಹಸಿರು ಗೆರೆ. ಒಂದು ಸೌಟು ತೆಗೆದು ನೋಡಿದರೆ, ಅದರ ಕೆಳಗಿನ ಗೋಡೆ ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

ರುಚಿ ನೋಡಲು ನಾವು ನಾಲ್ಕು ಜನ ಒಂದೊಂದು ಲೋಟ ಕುಡಿದೆವು. "ಏನೋ ಒಗರು ಒಗರು, ಏಲಕ್ಕಿ ಜಾಸ್ತಿ ಆಯ್ತೇನೋ" ಅಂದುಕೊಂಡೆವು. ಅರ್ಧ ಗಂಟೆಯೊಳಗೆ ನಾಲ್ವರಿಗೂ ಹೊಟ್ಟೆ ತೊಳಸಿ ವಾಂತಿ. ಪುಣ್ಯಕ್ಕೆ ಹಂಚುವ ಮೊದಲೇ ಗೊತ್ತಾಯಿತು. ಕೊಳಗವನ್ನು ಹಾಗೇ ಚರಂಡಿಗೆ ಬಗ್ಗಿಸಿದೆವು. ಸಂಜೆ ಹೊತ್ತಿಗೆ ಎಲ್ಲರೂ ಸರಿಹೋದೆವು.

ಆವತ್ತು ರಾತ್ರಿ ನಮ್ಮ ದೊಡ್ಡಮ್ಮ ಗಾಬರಿಯಿಂದ ಕೇಳಿದರು: "ನಾನು ನಲವತ್ತು ವರ್ಷದಿಂದ ತಾಮ್ರದ ಚೊಂಬಿನ ನೀರೇ ಕುಡೀತಿದ್ದೀನಿ. ಅದೂ ವಿಷಾನೇನೋ?"

ಅಲ್ಲ. ಆದರೆ ಯಾಕೆ ಅಲ್ಲ ಅನ್ನುವುದನ್ನು ಅವರಿಗೆ ಸರಿಯಾಗಿ ಹೇಳಲು ನಾನು ತುಂಬಾ ಓದಬೇಕಾಯಿತು. ಓದಿದಷ್ಟೂ ಅಚ್ಚರಿಯಾಯಿತು. ಆರೋಗ್ಯವಾಗಿರುವ ದೊಡ್ಡವರ ಮೈ ತಾಮ್ರವನ್ನು ತಾನೇ ಅಳೆಯುತ್ತದೆ. ಕಡಿಮೆ ಬಂದರೆ ಹೆಚ್ಚು ಎಳೆದುಕೊಳ್ಳುತ್ತದೆ, ಜಾಸ್ತಿ ಬಂದರೆ ಬಾಗಿಲು ಸಣ್ಣದು ಮಾಡುತ್ತದೆ. ನಮ್ಮ ಪಾಲಿನ ಕೆಲಸ ಆ ಅಳತೆಗೆ ಅಡ್ಡಿ ಮಾಡದೆ ಇರುವುದು. ಅದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ಬೇಕಾದ ಪ್ರಮಾಣ ತಿಳಿದುಕೊಳ್ಳಿ

ವಯಸ್ಕರಿಗೆ ದಿನಕ್ಕೆ 0.9 ಮಿಲಿಗ್ರಾಂ ತಾಮ್ರ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2001ರಲ್ಲಿ ನಿಗದಿ ಮಾಡಿತು. ಬಸುರಿಯರಿಗೆ 1 ಮಿಲಿಗ್ರಾಂ, ಹಾಲೂಡಿಸುವ ತಾಯಂದಿರಿಗೆ 1.3. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಸ್ವಲ್ಪ ಧಾರಾಳಿ: ಗಂಡಸರಿಗೆ 1.6, ಹೆಂಗಸರಿಗೆ 1.3 ಅನ್ನುತ್ತದೆ. ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ 10 ಮಿಲಿಗ್ರಾಂ ದಾಟಬಾರದು.

ಇಡೀ ಮೈಯಲ್ಲಿರುವ ತಾಮ್ರವನ್ನು ಒಟ್ಟುಗೂಡಿಸಿದರೂ 100 ಮಿಲಿಗ್ರಾಂ ಆಸುಪಾಸು. ಒಂದು ಚಿಟಿಕೆ ಉಪ್ಪಿನ ತೂಕವೂ ಇಲ್ಲ. ಇಷ್ಟರಲ್ಲೇ ಎಷ್ಟು ಕೆಲಸ ನಡೆಯುತ್ತದೆ ನೋಡಿ. ತಿಂದದ್ದು ಶಕ್ತಿಯಾಗುವ ಕಡೆಯ ಘಟ್ಟದಲ್ಲಿ ತಾಮ್ರ ಬೇಕು. ಚರ್ಮ ಮತ್ತು ರಕ್ತನಾಳದ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳಲು ಬೇಕು. ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ಕಿಣ್ವಕ್ಕೂ ಬೇಕು. ಮೈಯೊಳಗೆ ಕೂಡಿಟ್ಟ ಕಬ್ಬಿಣ ಹೊರಬಂದು ರಕ್ತಕ್ಕೆ ಸೇರಬೇಕಾದರೂ ತಾಮ್ರದ ಸಹಾಯ ಬೇಕು.

ಈ ಕೊನೆಯ ಸಂಗತಿ ಗೊತ್ತಾದದ್ದು 1928ರಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇ.ಬಿ. ಹಾರ್ಟ್ ಮತ್ತು ಸಂಗಡಿಗರು ಬರೀ ಹಾಲು ಕುಡಿಸಿ ಬೆಳೆಸಿದ ಇಲಿಗಳಿಗೆ ರಕ್ತಹೀನತೆ ಬಂತು. ಶುದ್ಧ ಕಬ್ಬಿಣ ಕೊಟ್ಟರೂ ಹೋಗಲಿಲ್ಲ. ಚೂರು ತಾಮ್ರ ಸೇರಿಸಿದಾಗ ಗುಣವಾಯಿತು.

ಹೆಜ್ಜೆ 2: ತಟ್ಟೆಯಲ್ಲಿ ಎಷ್ಟಿದೆ ನೋಡಿ

ಇದಕ್ಕೆ ತೂಕದ ಯಂತ್ರ ಬೇಡ, ಅಂದಾಜು ಸಾಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಅಥವಾ ತುಸು ಜಾಸ್ತಿ ತಾಮ್ರವಿದೆ. ಒಂದು ಒಳ್ಳೆ ಮುದ್ದೆ ತಿಂದರೆ ದಿನದ ಅರ್ಧ ಪಾಲು ಅಲ್ಲೇ ಬಂತು. ಒಂದು ಹಿಡಿ ತೊಗರಿಬೇಳೆ ಬೇಯಿಸಿದ ಸಾರಿನಿಂದ ಇನ್ನೊಂದು ಕಾಲು ಮಿಲಿಗ್ರಾಂ. ಅಕ್ಕಿಯಲ್ಲಿ ಕಡಿಮೆ, ನೂರು ಗ್ರಾಂಗೆ 0.2ರಷ್ಟು. ಹಾಲು, ಮೊಸರಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹತ್ತು ಗೋಡಂಬಿಯಲ್ಲಿ 0.3 ಇದೆ. ಕುರಿ, ದನದ ಲಿವರ್‌ನಲ್ಲಂತೂ ರಾಶಿ.

ಎಲ್ಲಕ್ಕಿಂತ ನನಗೆ ಇಷ್ಟವಾದ ಉದಾಹರಣೆ ಸಂಕ್ರಾಂತಿಯ ಎಳ್ಳು. ನೂರು ಗ್ರಾಂ ಎಳ್ಳಿನಲ್ಲಿ 4 ಮಿಲಿಗ್ರಾಂ ತಾಮ್ರ! ಜೊತೆಗೆ ಸೇರುವ ಕಡಲೆಬೀಜ, ಹುರಿಗಡಲೆ, ಕೊಬ್ಬರಿಯಲ್ಲೂ ಚೆನ್ನಾಗಿಯೇ ಇದೆ. ಒಂದು ಸಣ್ಣ ಹಿಡಿ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡರೆ 0.3 ಮಿಲಿಗ್ರಾಂ ಸುಲಭವಾಗಿ ಸಿಗುತ್ತದೆ.

ಕಾಳು ಬೇಳೆಯಲ್ಲಿರುವ ಫೈಟೇಟ್ ಎಂಬ ವಸ್ತು ತಾಮ್ರವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಸಸ್ಯಾಹಾರದಲ್ಲಿ ತಾಮ್ರವೇ ಜಾಸ್ತಿ ಇರುವುದರಿಂದ ಕೊನೆಗೆ ನಷ್ಟವೇನೂ ಆಗುವುದಿಲ್ಲ. ರಾಗಿ, ಬೇಳೆ, ಕಾಳು, ಸೊಪ್ಪು ತಿನ್ನುವ ಮನೆಯಲ್ಲಿ ಆರೋಗ್ಯವಾಗಿರುವ ದೊಡ್ಡವರಿಗೆ ತಾಮ್ರದ ಮಾತ್ರೆ ಬೇಕಾಗುವುದೇ ಇಲ್ಲ.

ಹೆಜ್ಜೆ 3: ಮೈ ಅಳೆಯುವ ಬಗೆ ಅರ್ಥ ಮಾಡಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ವಿಷಯದ ತಿರುಳೇ ಇದು.

ತಿಂದ ತಾಮ್ರದಲ್ಲಿ ಎಷ್ಟು ಮೈಗೆ ಸೇರಿತು ಎಂದು ಹೇಳುವುದು ಸುಲಭವಲ್ಲ. ಯಾಕೆಂದರೆ ಮೈಯೊಳಗಿನ ಹಳೆ ತಾಮ್ರವೂ ಪಿತ್ತರಸದ ಜೊತೆ ಕರುಳಿಗೆ ಬಂದು ಮಲದಲ್ಲೇ ಹೋಗುತ್ತದೆ. ಹಳೆಯದು ಯಾವುದು, ಹೊಸದು ಯಾವುದು? ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಪೌಷ್ಟಿಕಾಂಶ ಸಂಶೋಧನಾ ಕೇಂದ್ರದಲ್ಲಿ ಜೂಡಿತ್ ಟರ್ನ್‌ಲಂಡ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಹಿಡಿದರು. ಪ್ರಕೃತಿಯಲ್ಲಿ ತಾಮ್ರ ಎರಡು ತೂಕದಲ್ಲಿ ಸಿಗುತ್ತದೆ, 63 ಮತ್ತು 65. ಹತ್ತು ಪರಮಾಣುಗಳಲ್ಲಿ ಏಳು ಹಗುರದವು, ಮೂರು ಭಾರದವು. ಭಾರದ್ದನ್ನು ಮಾತ್ರ ಬೇರ್ಪಡಿಸಿ ಊಟದಲ್ಲಿ ಕೊಟ್ಟರೆ ಅದು ಗುರುತು ಹಾಕಿದ ನಾಣ್ಯದ ಹಾಗೆ. ಎಲ್ಲಿ ಹೋದರೂ ಪತ್ತೆ ಹಚ್ಚಬಹುದು. ಇದರಲ್ಲಿ ವಿಕಿರಣವಿಲ್ಲ, ಅಪಾಯವೂ ಇಲ್ಲ.

ಹನ್ನೊಂದು ಜನ ಯುವಕರು 90 ದಿನ ಆ ಕೇಂದ್ರದಲ್ಲೇ ಉಳಿದರು. ಕೊಟ್ಟದ್ದನ್ನಷ್ಟೇ ಉಂಡರು. ಮೊದಲ 24 ದಿನ ಊಟದಲ್ಲಿ ದಿನಕ್ಕೆ 1.68 ಮಿಲಿಗ್ರಾಂ ತಾಮ್ರ. ಆಮೇಲೆ 42 ದಿನ ಬರೀ 0.79. ಕೊನೆಯ 24 ದಿನ 7.53. ಫಲಿತಾಂಶ 1989ರಲ್ಲಿ ಹೊರಬಂತು. ಸಾಧಾರಣ ಊಟದಲ್ಲಿ ಮೈ ಹೀರಿಕೊಂಡದ್ದು ನೂರಕ್ಕೆ 36 ಪಾಲು. ತಾಮ್ರ ಕಡಿಮೆಯಾದಾಗ 56. ಜಾಸ್ತಿಯಾದಾಗ 12.

ಈಗ ಒಂದು ಸಣ್ಣ ಗುಣಾಕಾರ ಮಾಡಿ. ಕಡಿಮೆ ತಿಂದಾಗ ಒಳಗೆ ಹೋದದ್ದು ಸುಮಾರು 0.44 ಮಿಲಿಗ್ರಾಂ. ಸಾಧಾರಣ ತಿಂದಾಗ 0.6. ಜಾಸ್ತಿ ತಿಂದಾಗ 0.9. ತಟ್ಟೆಯಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು ವ್ಯತ್ಯಾಸ ಮಾಡಿದರೂ ಮೈಗೆ ಸೇರಿದ್ದರಲ್ಲಿ ವ್ಯತ್ಯಾಸ ಎರಡು ಪಟ್ಟು, ಅಷ್ಟೇ! ಈ ಲೆಕ್ಕ ಬರೆದು ತೋರಿಸಿದ ಮೇಲೆ ನಮ್ಮ ದೊಡ್ಡಮ್ಮನಿಗೆ ಅರ್ಧ ಧೈರ್ಯ ಬಂತು.

ಒಳಗೆ ಇದು ನಡೆಯುವುದು ಹೀಗೆ. ಜಠರದ ಹುಳಿ ಮೊದಲು ತಾಮ್ರವನ್ನು ಆಹಾರದಿಂದ ಬಿಡಿಸುತ್ತದೆ. ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಗೋಡೆಯ ಜೀವಕೋಶಗಳ ಮೇಲೆ ತಾಮ್ರಕ್ಕೆಂದೇ ಒಂದು ಬಾಗಿಲಿದೆ. ಅದರ ಮೂಲಕ ತಾಮ್ರ ಕೋಶದೊಳಗೆ ಬರುತ್ತದೆ. ಒಳಗೆ ಬಂದ ಮಾತ್ರಕ್ಕೆ ರಕ್ತಕ್ಕೆ ಸೇರಿದ ಹಾಗಲ್ಲ. ಕೋಶದಲ್ಲಿ ಮೆಟಲೋಥಯೋನೀನ್ ಎಂಬ ಪ್ರೋಟೀನ್ ಕಾದಿರುತ್ತದೆ. ಹೆಚ್ಚಾದ ತಾಮ್ರವನ್ನು ಅದು ಅಪ್ಪಿ ಹಿಡಿದು ಕೂರುತ್ತದೆ. ಕರುಳಿನ ಗೋಡೆಯ ಕೋಶಗಳಿಗೆ ಆಯುಷ್ಯ ಕೆಲವೇ ದಿನ. ಅವು ಉದುರಿದಾಗ ಹಿಡಿದಿಟ್ಟ ತಾಮ್ರವೂ ಮಲದ ಜೊತೆ ಹೊರಟುಹೋಗುತ್ತದೆ. ಉಳಿದದ್ದು ಇನ್ನೊಂದು ಬಾಗಿಲಿನಿಂದ ರಕ್ತಕ್ಕೆ ದಾಟಿ ನೇರ ಲಿವರ್‌ಗೆ ಹೋಗುತ್ತದೆ.

ಎರಡನೇ ಅಳತೆ ಲಿವರ್‌ನಲ್ಲಿ. ಬೇಕಾದಷ್ಟು ತಾಮ್ರವನ್ನು ಅದು ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿಗೆ ಕೂಡಿಸಿ ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಓಡಾಡುವ ತಾಮ್ರದಲ್ಲಿ ಹೆಚ್ಚಿನದು ಈ ರೂಪದ್ದೇ. ಬೇಡದ್ದನ್ನು ಪಿತ್ತರಸಕ್ಕೆ ಸುರಿಯುತ್ತದೆ. ಅಲ್ಲಿಂದ ಅದು ಕರುಳಿಗೆ, ಆಮೇಲೆ ಹೊರಕ್ಕೆ. ಮೂತ್ರದಲ್ಲಿ ಹೋಗುವುದು ಲೆಕ್ಕಕ್ಕೇ ಇಲ್ಲದಷ್ಟು ಸ್ವಲ್ಪ. ಹಾಗಾಗಿ "ಜಾಸ್ತಿ ನೀರು ಕುಡಿದರೆ ತಾಮ್ರ ತೊಳೆದುಹೋಗುತ್ತದೆ" ಎಂಬ ಮಾತಿಗೆ ಅರ್ಥವಿಲ್ಲ.

ಈ ಅಳತೆಗೂ ಎರಡು ಕೊನೆಗಳಿವೆ. ಅದೇ ತಂಡ ಇನ್ನೊಂದು ಅಧ್ಯಯನದಲ್ಲಿ ಊಟದ ತಾಮ್ರವನ್ನು ದಿನಕ್ಕೆ 0.38 ಮಿಲಿಗ್ರಾಂಗೆ ಇಳಿಸಿ ನೋಡಿತು. ಆರು ವಾರದಲ್ಲಿ ರಕ್ತದ ತಾಮ್ರ, ಸೆರುಲೋಪ್ಲಾಸ್ಮಿನ್ ಎರಡೂ ಇಳಿದವು. ಅಂದರೆ ಅಷ್ಟು ಕಡಿಮೆಗೆ ಮೈ ಹೊಂದಿಕೊಳ್ಳಲಾರದು. ಮತ್ತೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂಬತ್ತು ಗಂಡಸರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದಿನಕ್ಕೆ 7 ಮಿಲಿಗ್ರಾಂ ತಾಮ್ರ ಹೆಚ್ಚುವರಿಯಾಗಿ ತೆಗೆದುಕೊಂಡರು. ಹೀರಿಕೆ ಕಡಿಮೆಯಾಯಿತು, ಹೊರಹಾಕುವುದು ಹೆಚ್ಚಿತು. ಆದರೂ ದಿನಾ ಒಂದಷ್ಟು ಒಳಗೇ ಉಳಿಯುತ್ತಿತ್ತು. ಕೆಲವು ದಿನದ ಹೆಚ್ಚುಕಡಿಮೆಯನ್ನು ಮೈ ಸಲೀಸಾಗಿ ಸರಿದೂಗಿಸುತ್ತದೆ. ತಿಂಗಳುಗಟ್ಟಲೆ ಸುರಿದರೆ ಅಷ್ಟು ಸಲೀಸಲ್ಲ. ತಾಮ್ರದ ಮಾತ್ರೆಯನ್ನು ಸುಮ್ನೆ ನುಂಗಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೆಜ್ಜೆ 4: ತಾಮ್ರದ ಚೊಂಬನ್ನು ಸರಿಯಾಗಿ ಬಳಸಿ

ಚೊಂಬಿನ ನೀರು ವಿಷವೇ ಎಂಬ ದೊಡ್ಡಮ್ಮನ ಪ್ರಶ್ನೆಗೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಸಿಕ್ಕಿದೆ. ಯಲಹಂಕದ ಹತ್ತಿರ ಸ್ಥಳೀಯ ವೈದ್ಯ ಪರಂಪರೆಗಳ ಬಗ್ಗೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಸಂಶೋಧಕರು ತಾಮ್ರದ ಪಾತ್ರೆಯಲ್ಲಿ ನೀರನ್ನು 16 ಗಂಟೆ ಇಟ್ಟು ಪರೀಕ್ಷಿಸಿದರು. 2012ರಲ್ಲಿ ಪ್ರಕಟಿಸಿದರು. ಕಾಲರಾ, ಟೈಫಾಯ್ಡ್, ರಕ್ತಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಆ ನೀರಿಗೆ ಹಾಕಿದ್ದರು. ಹದಿನಾರು ಗಂಟೆಯ ಮೇಲೆ ಬೆಳೆಸಿ ನೋಡಿದರೆ ಒಂದೂ ಇರಲಿಲ್ಲ. ನೀರಿಗೆ ಬಿಟ್ಟುಕೊಂಡ ತಾಮ್ರ ಎಷ್ಟು? ಲೀಟರಿಗೆ ಸುಮಾರು 0.18 ಮಿಲಿಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿದ ಮಿತಿ ಲೀಟರಿಗೆ 2 ಮಿಲಿಗ್ರಾಂ. ನಮ್ಮ ಭಾರತೀಯ ಮಾನಕದ ಪ್ರಕಾರ ಬೇರೆ ನೀರು ಸಿಗದಾಗ ಲೀಟರಿಗೆ 1.5ರವರೆಗೆ ಇರಬಹುದು. ದೊಡ್ಡಮ್ಮ ದಿನಾ ಎರಡು ಲೀಟರ್ ಚೊಂಬಿನ ನೀರೇ ಕುಡಿದರೂ 0.36 ಮಿಲಿಗ್ರಾಂ. ಹತ್ತು ಗೋಡಂಬಿಯಷ್ಟು.

ಹಾಗಾದರೆ ಪಾನಕ ಯಾಕೆ ಕೆಟ್ಟಿತು? ನಿಂಬೆಯ ಹುಳಿ. ಹುಳಿ ಸೇರಿದರೆ ತಾಮ್ರ ಹಲವು ಪಟ್ಟು ಜಾಸ್ತಿ ಕರಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಪಾತ್ರೆ ಹೊಳೆಯುವುದೂ ಇದಕ್ಕೇ. ಮೇಲಿನ ಪದರ ಕರಗಿ ಹೋಗಿರುತ್ತದೆ. ನಮ್ಮ ಕೊಳಗದ ಗೋಡೆಯನ್ನು ಆವತ್ತು ರಾತ್ರಿಯಿಡೀ ಪಾನಕವೇ ತಿಕ್ಕಿತ್ತು, ಆ ಕೊಳೆಯನ್ನು ನಾವು ಕುಡಿದಿದ್ದೆವು. ಆರೋಗ್ಯವಂತ ದೊಡ್ಡವರಿಗೆ ಖಾಲಿ ಹೊಟ್ಟೆಯಲ್ಲಿ ತಾಮ್ರ ಬೆರೆಸಿದ ನೀರು ಕುಡಿಸಿ ಚಿಲಿ, ಅಮೆರಿಕ, ಉತ್ತರ ಐರ್ಲೆಂಡಿನಲ್ಲಿ ಒಟ್ಟಿಗೆ ನಡೆಸಿದ ಪರೀಕ್ಷೆಯ ವರದಿ 2001ರಲ್ಲಿ ಬಂತು. ಲೀಟರಿಗೆ 4 ಮಿಲಿಗ್ರಾಂವರೆಗೆ ತೊಂದರೆ ಕಾಣಲಿಲ್ಲ. 6ಕ್ಕೆ ಓಕರಿಕೆ ಶುರುವಾಯಿತು. ತಾಮ್ರ ಜಠರವನ್ನೇ ಕೆರಳಿಸುತ್ತದೆ, ಜಠರ ಕೂಡಲೇ ಹೊರಗೆ ತಳ್ಳುತ್ತದೆ. ಕರುಳು, ಲಿವರ್‌ಗಳ ಅಳತೆಗೂ ಮೊದಲು ಇರುವ ಕಾವಲು ಅದು.

ಬಳಸುವ ಕ್ರಮ ಇಷ್ಟು. ರಾತ್ರಿ ಚೊಂಬನ್ನು ಹುಣಸೆಹಣ್ಣು ಅಥವಾ ನಿಂಬೆ ಹೋಳಿನಲ್ಲಿ ಉಪ್ಪು ಸೇರಿಸಿ ತಿಕ್ಕಿ. ಹುಳಿಯ ಒಂದು ಹನಿಯೂ ಉಳಿಯದ ಹಾಗೆ ಎರಡು ಮೂರು ಸಲ ತೊಳೆಯಿರಿ. ತೊಳೆಯುವಾಗ ಕಂಠದ ಒಳಮಡಿಕೆಗೆ ಬೆರಳು ಹಾಕಿ ನೋಡಿ. ಹಸಿರು ಕಿಲುಬು ಅಡಗಿ ಕೂರುವುದು ಅಲ್ಲೇ. ಬಾಟಲಿಯಾದರೆ ಬಾಯಿ ಕಿರಿದು, ಒಳಗೆ ಬೆರಳೇ ಹೋಗುವುದಿಲ್ಲ. ಅದಕ್ಕೇ ನನಗೆ ಬಾಟಲಿಗಿಂತ ಚೊಂಬೇ ವಾಸಿ. ತುಂಬಿಸುವುದು ಬರೀ ನೀರು. ನಿಂಬೆ, ಜೇನು, ಮಜ್ಜಿಗೆ, ಹಣ್ಣಿನ ರಸ ಯಾವುದೂ ಬೇಡ. ಬೆಳಿಗ್ಗೆ ಕುಡಿಯುವಾಗ ನಾಲಿಗೆಗೆ ಲೋಹದ ರುಚಿ ಹತ್ತಿದರೆ ಆ ನೀರನ್ನು ಗಿಡಕ್ಕೂ ಹಾಕದೆ ಚೆಲ್ಲಿಬಿಡಿ. ನೀರಿನ ಮೂಲವೇ ಕೆಟ್ಟಿದ್ದರೆ ಚೊಂಬನ್ನು ನಂಬಿ ಕೂರಬೇಡಿ, ಕುದಿಸಿ ಆರಿಸಿಯೇ ತುಂಬಿಸಿ.

ಅಡುಗೆಗೆ ತಾಮ್ರ ಅಥವಾ ಹಿತ್ತಾಳೆ ಪಾತ್ರೆ ಬಳಸುವುದಾದರೆ ಒಳಗೆ ಕಲಾಯಿ ಇರಲೇಬೇಕು. ಬಿಸಿ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರಿ, ಬಟ್ಟೆಯಲ್ಲಿ ಒಂದೇ ಸುತ್ತಿಗೆ ಬೆಳ್ಳಗೆ ಒರೆಸುವ ಆ ಕೆಲಸ ಮಾಡುವವರು ಈಗ ಕಡಿಮೆಯಾಗಿದ್ದಾರೆ. ಸಿಕ್ಕಾಗ ಮಾಡಿಸಿಕೊಳ್ಳಿ. ಬಿಳಿ ಒಳಮೈಯಲ್ಲಿ ಕೆಂಪು ಅಥವಾ ಹಳದಿ ಮಚ್ಚೆ ಇಣುಕಿದರೆ ಆ ಪಾತ್ರೆಯಲ್ಲಿ ಸಾರು, ಹುಳಿ, ಗೊಜ್ಜು ಮಾಡಬೇಡಿ.

ಹೆಜ್ಜೆ 5: ಜಿಂಕ್ ಮಾತ್ರೆಯ ಡಬ್ಬಿ ತಿರುಗಿಸಿ ಓದಿ

ನಮ್ಮಲ್ಲಿ ತಾಮ್ರ ಜಾಸ್ತಿಯಾದೀತು ಎಂಬ ಹೆದರಿಕೆ ಇದೆ. ಕಡಿಮೆಯಾಗುವ ದಾರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಶುರುವಾದ ಜಿಂಕ್ ಮಾತ್ರೆ ಎಷ್ಟೋ ಮನೆಗಳಲ್ಲಿ ಇನ್ನೂ ನಿಂತಿಲ್ಲ.

ಕರುಳಿನ ಗೋಡೆಯ ಮೆಟಲೋಥಯೋನೀನ್ ನೆನಪಿದೆ ಅಲ್ವಾ? ಜಿಂಕ್ ಜಾಸ್ತಿ ಬಂದರೆ ಕೋಶಗಳು ಅದನ್ನು ಹೆಚ್ಚು ಹೆಚ್ಚು ತಯಾರಿಸುತ್ತವೆ. ಅದು ಜಿಂಕಿಗಿಂತ ತಾಮ್ರವನ್ನೇ ಬಿಗಿಯಾಗಿ ಹಿಡಿಯುತ್ತದೆ. ಊಟದಲ್ಲಿ ತಾಮ್ರ ಬೇಕಾದಷ್ಟಿದ್ದರೂ ರಕ್ತಕ್ಕೆ ದಾಟದೆ ಹೊರಟುಹೋಗುತ್ತದೆ. ಆಗ ಮೈಯ ತಕ್ಕಡಿಗೇ ಮೋಸ ಮಾಡಿದ ಹಾಗೆ. ವಯಸ್ಕರಿಗೆ ಜಿಂಕಿನ ಮಿತಿಯನ್ನು ದಿನಕ್ಕೆ 40 ಮಿಲಿಗ್ರಾಂ ಎಂದು ಇಟ್ಟದ್ದೇ ತಾಮ್ರಕ್ಕೆ ಪೆಟ್ಟು ಬೀಳದಿರಲಿ ಎಂದು. ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಕೆಲವು 50 ಮಿಲಿಗ್ರಾಂನವು.

ಹೀಗೆ ತಿಂಗಳುಗಟ್ಟಲೆ ನಡೆದರೆ ರಕ್ತಹೀನತೆ ಬರುತ್ತದೆ, ಕಬ್ಬಿಣದ ಮಾತ್ರೆಗೆ ಅದು ಬಗ್ಗುವುದಿಲ್ಲ. ಬಿಳಿ ರಕ್ತಕಣ ಇಳಿಯುತ್ತದೆ. ಪಾದ ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ. ಬಿ12 ಕೊರತೆಯ ಹಾಗೆಯೇ ಕಾಣುವುದರಿಂದ ವೈದ್ಯರೂ ಒಮ್ಮೊಮ್ಮೆ ಬೇರೆ ದಾರಿಯಲ್ಲಿ ಹುಡುಕುತ್ತಾರೆ. ಜಿಂಕ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವೇ ಬಾಯಿಬಿಟ್ಟು ಹೇಳಿ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರಲ್ಲೂ ಈ ಕೊರತೆ ಬರುತ್ತದೆ, ಅವರೂ ಹುಷಾರಾಗಿರಬೇಕು.

ಹೆಜ್ಜೆ 6: ರಕ್ತದ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ

ರಕ್ತದ ತಾಮ್ರದ ಮಟ್ಟ ನೀವು ನಿನ್ನೆ ಏನು ತಿಂದಿರಿ ಎಂದು ಹೇಳುವುದಿಲ್ಲ. ಮೈ ಅದನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಾಯುತ್ತದೆ. ಆದರೆ ಜ್ವರ, ಸೋಂಕು, ಊತ ಇದ್ದಾಗ ಲಿವರ್ ಹೆಚ್ಚು ಸೆರುಲೋಪ್ಲಾಸ್ಮಿನ್ ಬಿಡುತ್ತದೆ, ತಾಮ್ರದ ಅಂಕಿಯೂ ಏರುತ್ತದೆ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲೂ ಹೀಗೇ. ಪ್ಯಾಕೇಜ್ ಚೆಕಪ್‌ನಲ್ಲಿ ತಾಮ್ರ ಜಾಸ್ತಿ ಎಂದು ಬಂದ ಮಾತ್ರಕ್ಕೆ ಚೊಂಬನ್ನು ಅಟ್ಟಕ್ಕೆ ಹಾಕಬೇಕಿಲ್ಲ. ವೈದ್ಯರಿಗೆ ತೋರಿಸಿ.

ಹೆಜ್ಜೆ 7: ಈ ಲೆಕ್ಕ ಯಾರಿಗೆ ಅಲ್ಲ ಎಂದು ತಿಳಿದಿರಿ

ಇಲ್ಲಿಯವರೆಗೆ ಹೇಳಿದ್ದೆಲ್ಲ ಆರೋಗ್ಯವಾಗಿರುವ ದೊಡ್ಡವರಿಗೆ. ಹಸುಗೂಸಿನ ಲಿವರ್‌ಗೆ ತಾಮ್ರವನ್ನು ಪಿತ್ತಕ್ಕೆ ಸುರಿಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಪುಟ್ಟ ಮಕ್ಕಳ ಲಿವರ್ ಗಟ್ಟಿಯಾಗಿ ಸಾಯುವ ರೋಗವೊಂದಿತ್ತು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲನ್ನು ಎಳೆಗೂಸುಗಳಿಗೆ ಕುಡಿಸುವುದಕ್ಕೂ ಆ ರೋಗಕ್ಕೂ ನಂಟಿದೆ ಎಂದು ಪುಣೆಯ ವೈದ್ಯರು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಜೊತೆ ಸೇರಿ 1983ರಲ್ಲಿ ಬರೆದರು. ಸ್ಟೀಲ್ ಪಾತ್ರೆ ಬಂದ ಮೇಲೆ ಆ ರೋಗ ಹೆಚ್ಚುಕಡಿಮೆ ಕಣ್ಮರೆಯಾಯಿತು. ಕೂಸಿನ ಹಾಲಿಗೆ, ಕೂಸಿನ ಹಾಲು ಬೆರೆಸುವ ನೀರಿಗೆ ತಾಮ್ರ, ಹಿತ್ತಾಳೆ ಪಾತ್ರೆ ಮುಟ್ಟಿಸಲೇಬೇಡಿ.

ಪಿತ್ತನಾಳ ಕಟ್ಟಿಕೊಂಡವರಿಗೂ ಹೊರದಾರಿ ಮುಚ್ಚಿರುತ್ತದೆ.

ಇನ್ನೊಂದು ವಿಲ್ಸನ್ ಕಾಯಿಲೆ. ಲಿವರ್‌ನಿಂದ ತಾಮ್ರವನ್ನು ಹೊರಗೆ ಕಳಿಸುವ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ತಾಮ್ರ ಮೊದಲು ಲಿವರ್‌ನಲ್ಲಿ, ಆಮೇಲೆ ಮಿದುಳಲ್ಲಿ ಕೂಡಿಕೊಳ್ಳುತ್ತದೆ. ಕಣ್ಣಿನ ಕಪ್ಪು ಭಾಗದ ಅಂಚಿನಲ್ಲಿ ಕಂದು ಬಳೆ ಕಾಣಬಹುದು. ಹದಿಹರೆಯದವರ ಅಕ್ಷರ ಇದ್ದಕ್ಕಿದ್ದ ಹಾಗೆ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ನಡುಗುವುದು, ಕಾರಣವಿಲ್ಲದ ಕಾಮಾಲೆ ಇದರ ಗುರುತುಗಳು. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿತು. ಇದಕ್ಕೆ ಔಷಧ ಇದೆ. ಜೀವನಪೂರ್ತಿ ತೆಗೆದುಕೊಳ್ಳಬೇಕು. ಐದನೇ ಹೆಜ್ಜೆಯಲ್ಲಿ ಆರೋಗ್ಯವಂತರಿಗೆ ಬೇಡ ಅಂದೆನಲ್ಲ, ಅದೇ ಜಿಂಕ್ ಇವರಿಗೆ ಔಷಧಗಳಲ್ಲಿ ಒಂದು. ಇವರು ತಾಮ್ರದ ಚೊಂಬಿನ ನೀರು ಕುಡಿಯಲೇಬಾರದು. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ ಎಂದು ಗೊತ್ತಾದರೆ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರನ್ನೂ ಪರೀಕ್ಷೆ ಮಾಡಿಸಿ. ಒಬ್ಬೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಬರುವ ಸಾಧ್ಯತೆ ಇದೆ. ಲಕ್ಷಣ ಕಾಣುವ ಮೊದಲೇ ಔಷಧ ಶುರುವಾದರೆ ಎಲ್ಲರ ಹಾಗೆ ಬದುಕಬಹುದು.